ಚೆನ್ನೈ ಓಪನ್: ಆಟ ಊರಿನದು, ಹಕ್ಕು ಯಾರದು?

1997ರಿಂದ 2017ರವರೆಗೆ ಒಂದು ವರ್ಷವೂ ತಪ್ಪದೆ ಚೆನ್ನೈಯಲ್ಲಿ ಪುರುಷರ ಎಟಿಪಿ ಟೆನಿಸ್ ಟೂರ್ನಿ ನಡೆಯಿತು. ಈ ದರ್ಜೆಯ ಟೂರ್ನಿಯನ್ನು ಇಷ್ಟು ಕಾಲ ಉಳಿಸಿಕೊಂಡ ಇನ್ನೊಂದು ನಗರ ಭಾರತದಲ್ಲಿಲ್ಲ. ಹಾಗಿದ್ದೂ ಅದು ಕೈತಪ್ಪಿಹೋಯಿತು. ಬೆಂಗಳೂರಿನಲ್ಲಿ ಕುಳಿತು ಟೆನಿಸ್ ನೋಡುವ ನಮಗೂ ಈ ಚರಿತ್ರೆಯಲ್ಲಿ ಕಲಿಯುವುದಿದೆ.

ಟೂರ್ನಿ ಹುಟ್ಟಿದ್ದು ದೆಹಲಿಯಲ್ಲಿ. 1996ರಲ್ಲಿ ಅಲ್ಲಿ ಸ್ವೀಡನ್ನಿನ ಥಾಮಸ್ ಎನ್‌ಕ್ವಿಸ್ಟ್ ಗೆದ್ದರು. ಮರುವರ್ಷವೇ ಅದು ಚೆನ್ನೈಗೆ ಬಂತು. ಬರಲು ತಕ್ಕ ನೆಲವೂ ಅಲ್ಲಿತ್ತು. 1995ರ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆಂದು ನುಂಗಂಬಾಕ್ಕಂನಲ್ಲಿ ಕಟ್ಟಿದ ಟೆನಿಸ್ ಕ್ರೀಡಾಂಗಣ ಆಗಿನ್ನೂ ಹೊಸದು. ಅದಕ್ಕಿಂತ ಹಳೆಯದು ಮದ್ರಾಸಿನ ಟೆನಿಸ್ ಪರಂಪರೆ. ರಾಮನಾಥನ್ ಕೃಷ್ಣನ್ 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದರು. ವಿಂಬಲ್ಡನ್ ಬಾಲಕರ ಪ್ರಶಸ್ತಿಯನ್ನು 1954ರಲ್ಲಿ ಅವರು ಗೆದ್ದರೆ, 1979ರಲ್ಲಿ ಮಗ ರಮೇಶ್ ಗೆದ್ದರು. ವಿಜಯ್, ಆನಂದ್, ಅಶೋಕ್ ಅಮೃತರಾಜ್ ಸೋದರರೂ ಇದೇ ಊರಿನವರು. ಅವರು ಕಟ್ಟಿದ ಬ್ರಿಟಾನಿಯಾ ಅಮೃತರಾಜ್ ಅಕಾಡೆಮಿಯಲ್ಲಿ ಕೋಲ್ಕತ್ತದ ಹುಡುಗ ಲಿಯಾಂಡರ್ ಪೇಸ್ ಪಳಗಿದರು. ಆಟ ಅರಿತ ಪ್ರೇಕ್ಷಕರನ್ನು ಚೆನ್ನೈಯಲ್ಲಿ ಹೊಸದಾಗಿ ತಯಾರು ಮಾಡಬೇಕಿರಲಿಲ್ಲ.

1997ರ ಸಿಂಗಲ್ಸ್ ಪ್ರಶಸ್ತಿ ಸ್ವೀಡನ್ನಿನ ಮೈಕೆಲ್ ಟಿಲ್‌ಸ್ಟ್ರಾಮ್ ಅವರದಾಯಿತು. ಆದರೆ ಆ ವರ್ಷದ ದೊಡ್ಡ ಸುದ್ದಿ ಡಬಲ್ಸ್‌ನದು. ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಜೋಡಿಯಾಗಿ ಗೆದ್ದ ಮೊದಲ ಎಟಿಪಿ ಪ್ರಶಸ್ತಿ ಅದು. 1998, 1999, 2002ರಲ್ಲೂ ಗೆದ್ದರು; ಮನಸ್ತಾಪಗಳನ್ನೆಲ್ಲ ದಾಟಿ ಮತ್ತೆ ಜೊತೆಯಾದ 2011ರಲ್ಲೂ ಇಲ್ಲಿಯೇ ಗೆದ್ದರು. ಅಮೆರಿಕ ಓಪನ್ ಚಾಂಪಿಯನ್ ಪ್ಯಾಟ್ ರಾಫ್ಟರ್ 1998ರಲ್ಲಿ ಬಂದು ಸಿಂಗಲ್ಸ್ ಗೆದ್ದ ಮೇಲೆ ಹೊರಗಿನ ಆಟಗಾರರಿಗೂ ಈ ಊರಿನ ಹೆಸರು ಪರಿಚಯವಾಯಿತು.

ಟೂರ್ನಿಯ ಹೆಸರು ಮಾತ್ರ ಬದಲಾಗುತ್ತಲೇ ಇತ್ತು. ಮೊದಲು ಸಿಗರೇಟಿನ ಹೆಸರು ಹೊತ್ತ ಗೋಲ್ಡ್ ಫ್ಲೇಕ್ ಓಪನ್. ತಂಬಾಕು ಕಂಪನಿ ಕ್ರೀಡೆಯಿಂದ ಹಿಂದೆ ಸರಿದ ಮೇಲೆ ಟಾಟಾ ಓಪನ್. 2005ರಿಂದ ಚೆನ್ನೈ ಓಪನ್. ಊರಿನ ಹೆಸರು ಬಂದಾಗಿನಿಂದಲೇ ಇದು ಊರಿನ ಹಬ್ಬವಾಯಿತೆಂದು ನನ್ನ ಅನಿಸಿಕೆ. ನಡುವೆ ಅದು ಏಪ್ರಿಲ್ ಬಿಸಿಲಿನಿಂದ ಜನವರಿಯ ಮೊದಲ ವಾರಕ್ಕೆ ಸರಿದಿತ್ತು. ಮಾರ್ಗಳಿಯ ಸಂಗೀತ ಸಭೆಗಳ ಋತುವಿನಲ್ಲಿ, ಆಸ್ಟ್ರೇಲಿಯಾ ಓಪನ್‌ಗೆ ಮೊದಲು, ಆಟಗಾರರು ಹೊಸ ವರ್ಷವನ್ನು ಚೆನ್ನೈಯಲ್ಲಿ ಆರಂಭಿಸತೊಡಗಿದರು.

ಆ 2005ರ ಟೂರ್ನಿ ಶುರುವಾಗುವಾಗ ಸುನಾಮಿ ಬಡಿದು ಹೆಚ್ಚು ದಿನಗಳಾಗಿರಲಿಲ್ಲ. ಸ್ಪೇನಿನ ಕಾರ್ಲೋಸ್ ಮೋಯಾ ಸತತ ಎರಡನೆಯ ಬಾರಿ ಗೆದ್ದು, ಬಹುಮಾನದ ಹಣವನ್ನು ಸುನಾಮಿ ಸಂತ್ರಸ್ತರಿಗೆ ಕೊಟ್ಟರು. ಫೈನಲ್‌ನಲ್ಲಿ ಅವರಿಗೆ ಸೋತವರು ಥಾಯ್ಲೆಂಡಿನ ಪ್ಯಾರಡಾರ್ನ್ ಶ್ರೀಚಪನ್. 2002ರಿಂದ ಸತತ ನಾಲ್ಕು ವರ್ಷ ಫೈನಲ್ ಆಡಿದರೂ ಗೆದ್ದದ್ದು 2003ರಲ್ಲಿ ಮಾತ್ರ. ಚೆನ್ನೈ ಜನ ಅವರನ್ನು ಮನೆಯ ಹುಡುಗನಂತೆಯೇ ಕಂಡರು.

ರಫೆಲ್ ನಡಾಲ್ ಇಲ್ಲಿ ಸಿಂಗಲ್ಸ್ ಗೆಲ್ಲಲೇ ಇಲ್ಲ. 2004ರಲ್ಲಿ ಟಾಮಿ ರಾಬ್ರೆಡೊ ಜೊತೆ ಡಬಲ್ಸ್ ಗೆದ್ದದ್ದಷ್ಟೇ. 2008ರ ಸೆಮಿಫೈನಲ್‌ನಲ್ಲಿ ಅವರೂ ಮೋಯಾ ಅವರೂ ಹೆಚ್ಚುಕಡಿಮೆ ನಾಲ್ಕು ಗಂಟೆ ಹೋರಾಡಿದರು. ಮೂರು ಸೆಟ್ಟೂ ಟೈಬ್ರೇಕ್‌ಗೆ ಹೋದವು. ಆ ದಣಿವಿನ ಬೆಲೆ ಮರುದಿನ ಗೊತ್ತಾಯಿತು: ಫೈನಲ್‌ನಲ್ಲಿ ಮಿಖಾಯಿಲ್ ಯೂಜ್ನಿ ಎದುರು ನಡಾಲ್ 0-6, 1-6ರಿಂದ ಸೋತರು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಮುಖ್ಯ ವಾರ 2009ರದು. 200ರ ಆಚೆಯ ಶ್ರೇಯಾಂಕದ ಸೋಮ್‌ದೇವ್ ದೇವ್‌ವರ್ಮನ್ ಆತಿಥೇಯರು ಕೊಡುವ ನೇರ ಪ್ರವೇಶ, ಅಂದರೆ ವೈಲ್ಡ್ ಕಾರ್ಡ್, ಪಡೆದು ಒಳಬಂದರು. ಎರಡು ಬಾರಿಯ ಚಾಂಪಿಯನ್ ಮೋಯಾ ಸೋತರು, ಬಿರುಸಿನ ಸರ್ವ್‌ನ ಇವೊ ಕಾರ್ಲೊವಿಚ್ ಸೋತರು. ಸೆಮಿಫೈನಲ್‌ನ ಎದುರಾಳಿ ಗಾಯದಿಂದ ಹಿಂದೆ ಸರಿದರು. ಫೈನಲ್‌ನಲ್ಲಿ ಮರಿನ್ ಸಿಲಿಕ್ ಗೆದ್ದರು, ನಿಜ. ಆದರೆ ಈ ಟೂರ್ನಿಯಲ್ಲಿ ಸಿಂಗಲ್ಸ್ ಫೈನಲ್ ಆಡಿದ ಮೊದಲ ಭಾರತೀಯ ಸೋಮ್‌ದೇವ್. ನಮ್ಮ ನೆಲದಲ್ಲಿ ಟೂರ್ನಿ ಇರಬೇಕೆನ್ನುವುದು ಇದಕ್ಕಾಗಿಯೇ. ಶ್ರೇಯಾಂಕ ಬಾಗಿಲು ಮುಚ್ಚಿದಾಗ ಕದ ತೆರೆಯುವ ಅಧಿಕಾರ ಆತಿಥೇಯರಿಗೆ ಮಾತ್ರ ಇರುತ್ತದೆ.

ಮುಂದಿನ ದಶಕ ಸ್ಟಾನ್ ವಾವ್ರಿಂಕಾ ಅವರದು. 2011ರಲ್ಲೊಮ್ಮೆ, ಆಮೇಲೆ 2014ರಿಂದ ಸತತ ಮೂರು ಬಾರಿ ಗೆದ್ದರು. 2014ರಲ್ಲಿ ಇಲ್ಲಿಂದ ಹೋದವರೇ ಆಸ್ಟ್ರೇಲಿಯಾ ಓಪನ್ ಗೆದ್ದರು. ಮೂರನೆಯ ಸತತ ಗೆಲುವು ಬಂದದ್ದು 2015ರ ಡಿಸೆಂಬರ್‌ನ ಮಹಾಪ್ರವಾಹದ ಮರುತಿಂಗಳು. 2016ರ ಡಿಸೆಂಬರ್‌ನಲ್ಲಿ ವರ್ಧಾ ಚಂಡಮಾರುತ ಮರಗಳನ್ನು ಉರುಳಿಸಿತು. ಆದರೂ ಜನವರಿಯಲ್ಲಿ ಟೂರ್ನಿ ನಿಲ್ಲಲಿಲ್ಲ. ಅಂದು ರಾಬರ್ಟೊ ಬಟಿಸ್ಟಾ ಅಗುಟ್‌ಗೆ ಫೈನಲ್‌ನಲ್ಲಿ ಸೋತ ಡೇನಿಯಲ್ ಮೆಡ್ವೆಡೆವ್ ಮುಂದೆ ವಿಶ್ವದ ಅಗ್ರ ಆಟಗಾರರಾದರು. ಡಬಲ್ಸ್ ಫೈನಲ್‌ನ ನಾಲ್ವರೂ ಭಾರತೀಯರು. ಕೊಡಗಿನ ರೋಹನ್ ಬೋಪಣ್ಣ ಮತ್ತು ಚೆನ್ನೈಯ ಜೀವನ್ ನೆಡುಂಚೆಳಿಯನ್ ಗೆದ್ದರು. 2006ರಲ್ಲಿ ಪ್ರಕಾಶ್ ಅಮೃತರಾಜ್ ಜೊತೆ ಇಲ್ಲೇ ಫೈನಲ್ ಸೋತಿದ್ದ ಬೋಪಣ್ಣ ಅವರ 11 ವರ್ಷಗಳ ಬಾಕಿ ಅಂದು ತೀರಿತು.

ಚೆನ್ನೈ ಪಾಲಿಗೆ ಅದೇ ಕೊನೆಯ ಎಟಿಪಿ ಟೂರ್ನಿ. ನಡೆಸುವ ಹಕ್ಕು ಊರಿನದಾಗಲೀ ತಮಿಳುನಾಡು ಟೆನಿಸ್ ಸಂಸ್ಥೆಯದಾಗಲೀ ಆಗಿರಲಿಲ್ಲ, ವ್ಯಾಪಾರಿ ಸಂಸ್ಥೆ ಐಎಂಜಿಯ ಬಳಿ ಇತ್ತು. ಹಕ್ಕುದಾರರು ಮಹಾರಾಷ್ಟ್ರದೊಂದಿಗೆ ಒಪ್ಪಂದ ಮಾಡಿಕೊಂಡರು, 2018ರಲ್ಲಿ ಟೂರ್ನಿ ಪುಣೆಯ ಬಾಲೇವಾಡಿಗೆ ಹೋಯಿತು. ಅಲ್ಲಿಯೂ 2023ಕ್ಕೆ ಮುಗಿದು, ಅದರ ಸ್ಥಾನ ಹಾಂಗ್‌ಕಾಂಗ್‌ಗೆ ಸೇರಿತು. ಪ್ರೇಕ್ಷಕರ ಪ್ರೀತಿಗೆ ಒಪ್ಪಂದದ ಕಾಗದದಲ್ಲಿ ಜಾಗವಿರಲಿಲ್ಲ.

ಚೆನ್ನೈ ಕೈಕಟ್ಟಿ ಕೂರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರದ ಬೆಂಬಲದಿಂದ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ಅದೇ ಅಂಗಳದಲ್ಲಿ ನಡೆದು, 17 ವರ್ಷದ ಲಿಂಡಾ ಫ್ರುಹ್ವಿರ್ಟೊವಾ ಗೆದ್ದರು. 2025ರಲ್ಲಿ ಅದು ಮರಳಿದಾಗ ಇಂಡೊನೇಷ್ಯಾದ ಜಾನಿಸ್ ಟ್ಜೆನ್ ಚಾಂಪಿಯನ್ ಆದರು. ಪುರುಷರಿಗೆ ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್ ಟೂರ್ನಿ ಬಂತು. 2024ರಲ್ಲಿ ಅದನ್ನು ಗೆದ್ದು ಸುಮಿತ್ ನಗಾಲ್ ವಿಶ್ವದ ಮೊದಲ 100ರೊಳಗೆ ಸೇರಿದರು. ಈ ಸಣ್ಣ ಟೂರ್ನಿಗಳ ಬೆಲೆ ಇಂಥಲ್ಲಿ ತಿಳಿಯುತ್ತದೆ.

ಬೆಂಗಳೂರಿಗೂ ಇಂಥದೇ ಕಥೆಯಿದೆ. 2008ರಲ್ಲಿ ಸೆರೆನಾ ವಿಲಿಯಮ್ಸ್ ಇಲ್ಲಿ ಗೆದ್ದದ್ದೇ ನಮ್ಮ ಡಬ್ಲ್ಯುಟಿಎ ಟೂರ್ನಿಯ ಕೊನೆ. ಈಗ ನಮ್ಮ ಕೈಯಲ್ಲಿರುವುದು ಕಬ್ಬನ್ ಪಾರ್ಕಿನ ಬೆಂಗಳೂರು ಓಪನ್ ಚಾಲೆಂಜರ್. 2017ರಲ್ಲಿ ನಗಾಲ್, 2018ರಲ್ಲಿ ಚೆನ್ನೈಯ ಪ್ರಜ್ಞೇಶ್ ಗುಣೇಶ್ವರನ್ ಗೆದ್ದ ಟೂರ್ನಿ ಅದು. ಹಕ್ಕು, ಹಣ, ವೇಳಾಪಟ್ಟಿ ಮೂರನ್ನೂ ರಾಜ್ಯದ ಟೆನಿಸ್ ಸಂಸ್ಥೆ ಮತ್ತು ಸರ್ಕಾರ ದೀರ್ಘಾವಧಿಗೆ ಬಿಗಿಮಾಡಿಕೊಳ್ಳಬೇಕು. ಓದುಗರಲ್ಲಿ ನನ್ನ ಕೋರಿಕೆ ಚಿಕ್ಕದು: ಮುಂದಿನ ಬಾರಿ ಕಬ್ಬನ್ ಪಾರ್ಕಿನಲ್ಲಿ ಪಂದ್ಯ ನಡೆವಾಗ, ಫೈನಲ್‌ವರೆಗೆ ಕಾಯದೆ, ಮೊದಲ ಸುತ್ತಿನ ದಿನವೇ ಮಕ್ಕಳನ್ನು ಕರೆದುಕೊಂಡು ಹೋಗಿ. ವೈಲ್ಡ್ ಕಾರ್ಡ್ ಪಡೆದ ನಮ್ಮ ಹುಡುಗರು ಆಡುವುದು ಆ ದಿನ.