ಎಪ್ಪತ್ತೈದು ವರ್ಷದ ಕಾಗದ

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ಲೆಕ್ಕವಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಕಾಡಿನ ಜಮೀನಿನ ಮೇಲೆ ಹಕ್ಕು ಕೇಳಬೇಕಾದರೆ, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದನ್ನು ತೋರಿಸಬೇಕು. ತಲೆಮಾರಿಗೆ 25 ವರ್ಷದಂತೆ ಒಟ್ಟು 75. ಅಂದರೆ 1930ರಲ್ಲಿ ಅಜ್ಜನೋ ಮುತ್ತಜ್ಜನೋ ಅಲ್ಲಿದ್ದ ಎಂಬುದಕ್ಕೆ ಪುರಾವೆ ಬೇಕು. ಪರಿಶಿಷ್ಟ ಪಂಗಡದವರಿಗೆ ಈ ಷರತ್ತಿಲ್ಲ. 2005ರ ಆ ದಿನಕ್ಕೆ ಮುಂಚಿನಿಂದ ಜಮೀನು ಅವರ ಕೈಯಲ್ಲಿದ್ದರೆ ಸಾಕು.

ಕಾನೂನಿನ ಮಾತಿನಂತೆ ಕಂಡರೂ ಇದು ಇತಿಹಾಸದ ಪ್ರಶ್ನೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಸೀಮೆಯಲ್ಲಿ ಅದು ಕೇಳುವಷ್ಟು ಸುಲಭವೂ ಅಲ್ಲ. ಯಾಕೆಂದರೆ ಈ ಕಾಡಿಗೆ ಬಂದವರಲ್ಲಿ ಬಹಳಷ್ಟು ಜನ ಅಡಗಿಕೊಳ್ಳಲೆಂದೇ ಬಂದವರು. ಅಡಗಿಕೊಳ್ಳಲು ಬಂದವನು ಹೆಸರು ಬರೆಸಿ ಹೋಗುವುದಿಲ್ಲ.

ಮೊದಲ ನೆನಪು ಉಳವಿಯದು. 12ನೇ ಶತಮಾನದಲ್ಲಿ ಕಲ್ಯಾಣದ ಗಲಭೆಯ ನಂತರ ಶರಣರ ಒಂದು ಗುಂಪು ವಚನದ ಕಟ್ಟುಗಳನ್ನು ಹೊತ್ತು ಚನ್ನಬಸವಣ್ಣನ ಜೊತೆ ಇಲ್ಲಿಗೆ ಬಂತು ಎಂಬುದು ಪರಂಪರೆಯ ನಂಬಿಕೆ. ಆತನ ಸಮಾಧಿ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿದೆ. ಮಾಘದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಘಟ್ಟದ ದಾರಿ ಹಿಡಿಯುತ್ತಾರೆ. ರಾಜನ ಸೈನ್ಯ ಬೆನ್ನು ಹತ್ತಿದವರಿಗೆ ಇಂಥ ಕಾಡೇ ಕೋಟೆಯಾಗಿತ್ತು ಎಂದು ಊಹಿಸಲು ಆ ದಾರಿಯನ್ನೊಮ್ಮೆ ನೋಡಿದರೆ ಸಾಕು.

ಆಮೇಲೆ ಕುಣಬಿಗಳು. ಪೋರ್ಚುಗೀಸರ ಕಾಲದ ಮತಾಂತರದ ಒತ್ತಡಕ್ಕೆ ಅಂಜಿ ಗೋವೆಯಿಂದ ಘಟ್ಟ ಹತ್ತಿ ಬಂದೆವು ಎಂಬ ನೆನಪು ಅವರಲ್ಲಿದೆ. ಗೋವೆಯಿಂದಲೇ ಸಿದ್ದಿಗಳೂ ಬಂದರು. ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ ಗುಲಾಮರ ಸಂತತಿ ಅವರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಇದ್ದಾರೆ. ಮಹಾರಾಷ್ಟ್ರದ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದ ಧನಗರ ಗೌಳಿಗಳದು ಮತ್ತೊಂದು ಕಥೆ. ಅವರಿಗೆ ಬೇಕಾಗಿದ್ದದ್ದು ಹುಲ್ಲು ಮತ್ತು ನೀರು.

ಇವರು ಯಾರೂ ಕಾಗದ ಬರೆಯಲಿಲ್ಲ. ಬರೆದವರು ಮರ ಎಣಿಸಲು ಬಂದವರು.

ಕಂಪನಿ ಸರ್ಕಾರಕ್ಕೆ ಈ ಕಾಡು ಕಂಡದ್ದು ಸಾಗವಾನಿಯಾಗಿ. ಮುಂಬೈಯ ಹಡಗುಕಟ್ಟೆಗೆ ಕೆನರಾದ ಸಾಗವಾನಿ ಬೇಕಿತ್ತು. ಕಾಳಿ ನದಿಯಲ್ಲಿ ದಿಮ್ಮಿ ತೇಲಿಬಿಟ್ಟರೆ ಕಾರವಾರದ ಸಮುದ್ರ ಮುಟ್ಟುತ್ತಿತ್ತು. ಆ ಕಣ್ಣಿಗೆ ಕುಮ್ರಿ ಬೇಸಾಯ ಶುದ್ಧ ಹಾಳುಗೆಡವುವ ಕೆಲಸ. ಗುಡ್ಡದ ಇಳಿಜಾರಿನಲ್ಲಿ ಗಿಡಗಂಟಿ ಕಡಿದು, ಒಣಗಿಸಿ, ಸುಟ್ಟು, ಮಳೆ ಬಿದ್ದೊಡನೆ ಆ ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದು ಜಾಗ ಬಿಟ್ಟು ಮುಂದೆ ಹೋಗುವುದು. ಕಾಡು ಮತ್ತೆ ಬೆಳೆದ ಮೇಲೆ ತಿರುಗಿ ಬರುವುದು. 1860ರಲ್ಲಿ ಮದರಾಸು ಸರ್ಕಾರ ಅನುಮತಿಯಿಲ್ಲದೆ ಕುಮ್ರಿ ಮಾಡಕೂಡದೆಂದಿತು. ಎರಡು ವರ್ಷದಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿತು. ಯಜಮಾನ ಬದಲಾದರೂ ನೋಟ ಬದಲಾಗಲಿಲ್ಲ. 1878ರ ಅರಣ್ಯ ಕಾಯ್ದೆ ಕಾಡಿಗೆ ಗೆರೆ ಎಳೆಯಲು ಕಾನೂನಿನ ಬಲ ಕೊಟ್ಟಿತು.

ಈ ಗೆರೆಯ ಪಾಠ ಬಂದದ್ದು ಬಹುದೂರದಿಂದ. ಇಂಗ್ಲೆಂಡಿನಲ್ಲಿ ಆಗ ಅರಣ್ಯಶಾಸ್ತ್ರ ಕಲಿಸುವ ಶಾಲೆಯೇ ಇರಲಿಲ್ಲ. 1867ರಿಂದ ಸುಮಾರು ಎರಡು ದಶಕ, ಭಾರತದ ಅರಣ್ಯ ಇಲಾಖೆಗೆ ಆಯ್ಕೆಯಾದ ತರುಣರಲ್ಲಿ ಅನೇಕರು ಫ್ರಾನ್ಸಿನ ನಾನ್ಸಿ ಪಟ್ಟಣದ ಶಾಲೆಯಲ್ಲಿ ಕಲಿತರು. ನಾನ್ಸಿಯ ಪಕ್ಕದಲ್ಲೇ ವೋಜ್ ಸೀಮೆ: ನಮ್ಮ ಜೋಯಿಡಾದ ಹಾಗೆ ಹೆಚ್ಚು ಎತ್ತರವಿಲ್ಲದ, ಮೈತುಂಬ ಕಾಡಿರುವ ಬೆಟ್ಟಸಾಲು, ನಡುನಡುವೆ ಹಳ್ಳಿ, ದನ, ಹಾಲು. ಅಲ್ಲಿಯೂ ಕಾಡಿನಲ್ಲಿ ದನ ಮೇಯಿಸುವ, ಸೌದೆ ತರುವ ಹಳೆಯ ರೂಢಿಗಳನ್ನು 1827ರ ಫ್ರೆಂಚ್ ಅರಣ್ಯ ಸಂಹಿತೆ ಬಿಗಿಮಾಡಿತ್ತು. ಪಿರೆನೀಸ್ ಬೆಟ್ಟದ ಅರಿಯೇಜ್ ಎಂಬಲ್ಲಿ ರೈತರು ಹೆಂಗಸರ ವೇಷ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು ಅರಣ್ಯ ಕಾವಲುಗಾರರನ್ನು ಓಡಿಸಿದ್ದೂ ಇದೇ ಸಂಹಿತೆಯ ಮೇಲಿನ ಸಿಟ್ಟಿಗೆ. ನಾನ್ಸಿಯ ಪಠ್ಯದಲ್ಲಿ ಈ ರೈತರಿಗೆ ಎಷ್ಟು ಜಾಗವಿತ್ತೆಂಬುದನ್ನು ಅಲ್ಲಿ ಕಲಿತವರ ನಡವಳಿಕೆಯಿಂದಲೇ ಅಂದಾಜು ಮಾಡಬಹುದು.

ಸ್ವಾತಂತ್ರ್ಯದ ನಂತರ ಸಾಗವಾನಿಯ ಜಾಗದಲ್ಲಿ ಬಿದಿರು ಬಂತು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಸಿಕ್ಕ ದರ ಟನ್ನಿಗೆ ಒಂದೂವರೆ ರೂಪಾಯಿ ಎಂದು ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವವರು ಅದೇ ಬಿದಿರನ್ನು ಪೇಟೆಯ ಬೆಲೆಗೆ ಕೊಳ್ಳಬೇಕಿತ್ತು. ಬಿದಿರು ತೀರುತ್ತ ಬಂದಾಗ ಒಬ್ಬರನ್ನೊಬ್ಬರು ದೂರಿದರು. ಸರ್ಕಾರ 1975ರಲ್ಲಿ ಗಾಡ್ಗೀಳರನ್ನು ಅಧ್ಯಯನಕ್ಕೆ ಕಳಿಸಿತು. ಅವರು ಕಂಡದ್ದು ಇದು: ಬಿದಿರು ಮೆಳೆಯ ಬುಡದಲ್ಲಿ ದಟ್ಟ ಮುಳ್ಳಿನ ಹೊದಿಕೆ ಇರುತ್ತದೆ. ಕಡಿಯುವ ಅನುಕೂಲಕ್ಕೆ ಅದನ್ನು ಬೋಳಿಸುತ್ತಿದ್ದರು, ಬೋಳಿಸಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬ ಸಮಜಾಯಿಷಿಯೂ ಇತ್ತು. ಹಳ್ಳಿಯವರು ಹೇಳಿದ್ದು ಬೇರೆ. ಮುಳ್ಳು ಹೋದರೆ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ಸಿಗುತ್ತದೆ, ಹೊಸ ಬಿದಿರು ಏಳುವುದೇ ಇಲ್ಲ ಎಂದು. ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಆ ತಿಳಿವಳಿಕೆ ಒಂದೆರಡು ವರ್ಷದ್ದಾಗಿರಲು ಸಾಧ್ಯವಿಲ್ಲ. ಆದರೆ ಅರ್ಜಿಯ ಜೊತೆ ಲಗತ್ತಿಸಲು ಅದು ಬರುವುದಿಲ್ಲ.

ಇಷ್ಟು ಹೊತ್ತಿಗೆ ಕಾಗದ ಇದ್ದ ಒಂದು ಊರೂ ಹೋಗಿತ್ತು. ಕಾಳಿ ಮತ್ತು ಪಾಂಡರಿ ಕೂಡುವಲ್ಲಿ ಸೂಪಾ ಎಂಬ ತಾಲ್ಲೂಕು ಕೇಂದ್ರವಿತ್ತು. ಕಚೇರಿ, ಪೇಟೆ, ಗುಡಿ ಎಲ್ಲವೂ ಇದ್ದ ಊರು. 1970ರ ದಶಕದಲ್ಲಿ ಶುರುವಾದ 101 ಮೀಟರ್ ಎತ್ತರದ ಅಣೆಕಟ್ಟು ಅದನ್ನೂ ಸುತ್ತಲಿನ ಹಳ್ಳಿಗಳನ್ನೂ ಮುಳುಗಿಸಿತು. ಕಚೇರಿ ಜೋಯಿಡಾಕ್ಕೆ ಹೋಯಿತು, ಜನರಲ್ಲಿ ಅನೇಕರು ರಾಮನಗರದ ಪುನರ್ವಸತಿಗೆ. ಇಂದು ಗಣೇಶಗುಡಿಗೆ ಬಂದು ಹಿನ್ನೀರಿನ ಫೋಟೊ ಹೊಡೆಯುವವರಿಗೆ ಸೂಪಾ ಒಂದು ಡ್ಯಾಮಿನ ಹೆಸರಷ್ಟೆ.

ಉಳಿದ ಕಾಡಿನ ಮೇಲೂ ಗೆರೆಗಳು ಬಿದ್ದವು. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದರ ಹೆಸರು ಕಾಳಿ. ಹುಲಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಣೆಕಟ್ಟು ಕಟ್ಟುವಾಗ ಎದ್ದು ಹೋಗು ಎಂದು ಯಾರಿಗೆ ಹೇಳಿದರೋ ಅವರ ನೆಂಟರಿಗೇ ಹುಲಿಯ ಹೆಸರಿನಲ್ಲೂ ಪರಿಹಾರ ತಗೊಂಡು ಹೋಗು ಎನ್ನುವುದು ವಿಚಿತ್ರವಾಗಿ ಕೇಳಿಸುತ್ತದೆ.

ಪೂರ್ವಕ್ಕೆ ಮುಂಡಗೋಡದಲ್ಲಿ ಇದಕ್ಕೆ ತದ್ವಿರುದ್ಧವಾದ ದೃಶ್ಯವಿದೆ. ಅಲ್ಲಿಯೂ ಓಡಿಬಂದವರೇ. 1966ರಲ್ಲಿ ಟಿಬೆಟಿಯನ್ನರಿಗಾಗಿ ವಸತಿ ಶುರುವಾಯಿತು. ಲಾಸಾ ಸುತ್ತಲಲ್ಲಿ 1409 ಮತ್ತು 1416ರಲ್ಲಿ ಕಟ್ಟಿದ ಗಾಂದೆನ್, ಡ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಎದ್ದವು. ಕಾಡು ಕಡಿದ ನೆಲದಲ್ಲಿ ಗೋವಿನಜೋಳ ಬೆಳೆದರು. ಸರ್ಕಾರವೇ ಕರೆದು, ಅಳೆದು, ಬರೆದು ಕೊಟ್ಟ ಜಾಗ. ಮಾಲೀಕತ್ವ ಅವರಿಗೂ ಇಲ್ಲ, ನಿಜ. ಆದರೆ ಬಂದದ್ದು ಯಾವಾಗ ಎಂದು ಅವರನ್ನು ಯಾರೂ ಕೇಳಬೇಕಿಲ್ಲ. ಅದು ಬರೆದಿಟ್ಟಿದೆ. ಈ ಕಾಡು ಆಶ್ರಯ ಕೊಟ್ಟವರಲ್ಲಿ ತಾರೀಖು ಇರುವವರು ಇವರೊಬ್ಬರೇ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ ವರ್ಷ ಗೋವೆಯ ಕುಣಬಿಗಳೂ ಸೇರಿದರು. ಗಡಿಯ ಈಚೆಗಿನ ಜೋಯಿಡಾದ ಕುಣಬಿಗಳು ಸೇರಲಿಲ್ಲ, ಇನ್ನೂ ಕೇಳುತ್ತಲೇ ಇದ್ದಾರೆ. ಹಾಗಾಗಿ ಅವರಿಗೂ ಗೌಳಿಗಳಿಗೂ 75 ವರ್ಷದ ಪುರಾವೆ ಬೇಕು.

ಕಾಯ್ದೆಯ ನಿಯಮಗಳು ನಾವು ಅಂದುಕೊಂಡಷ್ಟು ಗಟ್ಟಿಮನಸ್ಸಿನವಲ್ಲ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಜಾಗ, ಇವೂ ಪುರಾವೆಯಾಗಬಹುದು ಎನ್ನುತ್ತವೆ. ಗೆಜೆಟಿಯರ್ ಕೂಡ ಆಗಬಹುದು. 1883ರಲ್ಲಿ ಮುಂಬೈ ಸರ್ಕಾರ ಪ್ರಕಟಿಸಿದ ಕೆನರಾ ಗೆಜೆಟಿಯರಿನಲ್ಲಿ ಕುಣಬಿಗಳ ವಿವರವಿದೆ, ಸಿದ್ದಿಗಳದೂ ಇದೆ. ಜಾತಿಯ ಹೆಸರು, ಉಡುಪು, ಊಟ, ಮದುವೆ ಎಲ್ಲವನ್ನೂ ಬರೆದಿದ್ದಾರೆ. ಯಾರ ಗದ್ದೆ ಯಾವ ಹಳ್ಳದ ಪಕ್ಕ ಇತ್ತು ಎಂಬುದನ್ನು ಮಾತ್ರ ಬರೆದಿಲ್ಲ.

ಜೋಯಿಡಾದಲ್ಲಿ ಈಚಿನ ವರ್ಷಗಳಲ್ಲಿ ಜನವರಿ ಸುಮಾರಿಗೆ ಗೆಡ್ಡೆ ಗೆಣಸಿನ ಮೇಳ ನಡೆಯುತ್ತದೆ. ಕುಣಬಿ ಹೆಂಗಸರು ಮಣ್ಣು ಮೆತ್ತಿದ ಮುಡ್ಲಿಯ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಒಂದೊಂದು ಗೆಡ್ಡೆ ಕೈಯಲ್ಲಿ ಎತ್ತಿದರೆ ಭಾರವೆನಿಸುವಷ್ಟು ದೊಡ್ಡದು. ಬೀಜದ ಗೆಡ್ಡೆಯನ್ನು ಮುಂದಿನ ಮಳೆಗೆಂದು ಪ್ರತಿ ವರ್ಷ ಎತ್ತಿಡಬೇಕು, ಒಂದು ವರ್ಷ ತಪ್ಪಿದರೂ ತಳಿ ಕೈಬಿಡುತ್ತದೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದದ್ದು. ತಲೆಮಾರಿಗೆ 25 ವರ್ಷ ಎಂದು ಹಿಡಿದರೂ ಲೆಕ್ಕ ಮೂರನ್ನು ದಾಟುತ್ತದೆ.