ಎರಡು ಕಾಸಿನ ಚರಿತ್ರೆ

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಒಂದು, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರದು. ಇನ್ನೊಂದು, ಧನಸಹಾಯವಿತ್ತ ಮಹನೀಯರದು. ಮೊದಲನೆಯದು ವರ್ಷಗಳ ಕ್ರಮದಲ್ಲಿರುತ್ತದೆ. ಎರಡನೆಯದು ಮೊಬಲಗಿನ ಕ್ರಮದಲ್ಲಿ. ಈ ಸಂಚಿಕೆಗೂ ಅಂಥ ಪಟ್ಟಿಯೊಂದು ಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ ನನಗೆ ಸಂಕೋಚವಾಯಿತು. ದಾನಿಗಳ ಔದಾರ್ಯವನ್ನು ನಾನು ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಆದರೆ ನೂರು ವರ್ಷಗಳಿಂದ ಈ ದೇವಾಲಯವನ್ನು ಗುಡಿಸಿ ಸಾರಿಸಿದವರು, ಬಲಿಪೀಠಕ್ಕೆ ಹೂವು ತಂದವರು, ಕಾಣಿಕೆಯ ಪೆಟ್ಟಿಗೆಗೆ ಬಿಡಿಗಾಸು ಹಾಕಿದವರು ಯಾವ ಪಟ್ಟಿಗೂ ಸೇರಿದವರಲ್ಲ. ದಾನವು ಸಿರಿವಂತರಿಗೆ ಮೀಸಲಾದ ಪುಣ್ಯವೆಂದು ಧರ್ಮಸಭೆಯು ಎಂದೂ ಬೋಧಿಸಲಿಲ್ಲ. ಪಡೆಯುವ ಹಕ್ಕಿನಂತೆಯೇ ಕೊಡುವ ಹಕ್ಕೂ ಬಡವನಿಗಿದೆ. ಆ ಹಕ್ಕನ್ನು ಕಾಪಾಡಲು ನಮ್ಮ ವಿಶ್ವಾಸದ ಪೂರ್ವಜರು ಕಂಡುಕೊಂಡ ವಿಧಾನಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಬೊಕ್ಕಸದ ಎದುರಿನಲ್ಲಿ

ಜೆರುಸಲೇಮಿನ ಮಹಾದೇವಾಲಯದಲ್ಲಿ ಕಾಣಿಕೆಗಾಗಿ ಹದಿಮೂರು ಪೆಟ್ಟಿಗೆಗಳಿದ್ದುವೆಂದೂ, ಅವುಗಳ ಬಾಯಿ ಕಹಳೆಯ ಆಕಾರದಲ್ಲಿತ್ತೆಂದೂ ಯೆಹೂದ್ಯರ ಪ್ರಾಚೀನ ಗ್ರಂಥಗಳು ತಿಳಿಸುತ್ತವೆ. ಯೇಸುಸ್ವಾಮಿ ಬೊಕ್ಕಸದ ಎದುರು ಕುಳಿತು, ಜನರು ಕಾಣಿಕೆ ಹಾಕುವುದನ್ನು ನೋಡುತ್ತಿದ್ದರು. ಧನಿಕರು ಹೇರಳವಾಗಿ ಹಾಕಿದರು. ಬಡ ವಿಧವೆಯೊಬ್ಬಳು ಎರಡು ಕಾಸುಗಳನ್ನು ಹಾಕಿದಳು. ಸಂತ ಮಾರ್ಕನೂ ಸಂತ ಲೂಕನೂ ದಾಖಲಿಸಿರುವ ಈ ಪ್ರಸಂಗವನ್ನು ತಿಳಿಯದವರು ನಮ್ಮಲ್ಲಿ ಯಾರೂ ಇಲ್ಲ.

ಆಕೆ ಹಾಕಿದ ನಾಣ್ಯದ ಹೆಸರು ಲೆಪ್ಟ. ಅಂದಿನ ಕೂಲಿಯಾಳಿಗೆ ಒಂದು ದಿನದ ದುಡಿಮೆಗೆ ದೊರೆಯುತ್ತಿದ್ದ ದಿನಾರಿ ನಾಣ್ಯದಲ್ಲಿ ಇಂಥ 128 ಲೆಪ್ಟಗಳಿದ್ದುವು. ಎಂದರೆ, ಅವಳ ಎರಡು ಕಾಸು ಒಂದು ದಿನದ ಕೂಲಿಯ ಅರವತ್ತನಾಲ್ಕನೆಯ ಒಂದು ಭಾಗ. ಇದರಿಂದ ಮಹಾದೇವಾಲಯದ ಖರ್ಚು ಎಳ್ಳಷ್ಟೂ ಸಾಗುತ್ತಿರಲಿಲ್ಲ. ಆದರೂ ಪ್ರಭುವು ಶಿಷ್ಯರನ್ನು ಹತ್ತಿರ ಕರೆದು, ಎಲ್ಲರಿಗಿಂತಲೂ ಹೆಚ್ಚು ಕೊಟ್ಟವಳು ಅವಳೇ ಎಂದು ತೀರ್ಪಿತ್ತರು. ಕೊಟ್ಟದ್ದೆಷ್ಟು ಎಂಬುದರ ಜೊತೆಗೆ, ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದೆಷ್ಟು ಎಂಬುದನ್ನೂ ನೋಡುವ ಲೆಕ್ಕ ಅಂದಿನಿಂದ ಕ್ರೈಸ್ತ ಜಗತ್ತಿಗೆ ಬಂದಿತು.

ಪ್ರಭುವು ಇನ್ನೂ ಚಿಕ್ಕದಾದ ದಾನವನ್ನು ಸ್ಮರಿಸಿದ್ದಾರೆ. ತಮ್ಮ ಶಿಷ್ಯನಿಗೆ ಕೊಟ್ಟ ಒಂದು ಬಟ್ಟಲು ತಣ್ಣೀರಿಗೂ ಪ್ರತಿಫಲವುಂಟೆಂದರು. ತಣ್ಣೀರೆಂದೇ ಏಕೆ ಹೇಳಿದರು? ಬಿಸಿನೀರೆಂದಿದ್ದರೆ, ಕಾಯಿಸಲು ಸೌದೆಯಿಲ್ಲವೆಂದು ಬಡವನು ನೆವ ಹೇಳಬಹುದಾಗಿತ್ತು ಎಂದು ಸಂತ ಜೆರೋಮರು ಮತ್ತಾಯನ ಶುಭಸಂದೇಶದ ವ್ಯಾಖ್ಯಾನದಲ್ಲಿ ವಿವರಿಸಿದ್ದಾರೆ. ಸೌದೆಯ ಕಷ್ಟವನ್ನು ಬಲ್ಲ ನಮ್ಮ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಗ್ರೆಗೊರಿಯವರು ತಮ್ಮ ಪ್ರಬೋಧನೆಯೊಂದರಲ್ಲಿ, ಸ್ವರ್ಗರಾಜ್ಯವು ಜಕ್ಕಾಯನಿಗೆ ಅರ್ಧ ಆಸ್ತಿಗೂ, ವಿಧವೆಗೆ ಎರಡು ಕಾಸಿಗೂ, ಮತ್ತೊಬ್ಬನಿಗೆ ಒಂದು ಬಟ್ಟಲು ತಣ್ಣೀರಿಗೂ ದೊರೆಯಿತೆಂದು ಬೋಧಿಸಿದರು.

ಆದಿ ಧರ್ಮಸಭೆಯ ಸಂಚಿ

ಸದ್ಭಾವನೆಯೊಂದರಿಂದಲೇ ಹಸಿದವನ ಹೊಟ್ಟೆ ತುಂಬದು. ಅದಕ್ಕೆ ಒಂದು ಕ್ರಮವೂ ಬೇಕು. ಕ್ಲಾಡಿಯಸ್ ಚಕ್ರವರ್ತಿಯ ಕಾಲದಲ್ಲಿ ಕ್ಷಾಮ ಬಂದಾಗ ಅಂತಿಯೋಕ್ಯದ ಶಿಷ್ಯರು ಜುದೇಯದ ಸಹೋದರರಿಗೆ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ನೆರವು ಕಳುಹಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಕೆಲವು ವರ್ಷಗಳ ಬಳಿಕ ಸಂತ ಪೌಲರು ಕೊರಿಂಥದವರಿಗೆ ಒಂದು ಸುಲಭ ನಿಯಮವನ್ನು ಹಾಕಿಕೊಟ್ಟರು: ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ಅನುಗುಣವಾಗಿ ಸ್ವಲ್ಪವನ್ನು ಮನೆಯಲ್ಲಿಯೇ ತೆಗೆದಿಡಬೇಕು; ತಾವು ಬಂದ ಮೇಲೆ ಆತುರದ ವಸೂಲಿ ಆಗಬಾರದು. ಕಡುಬಡತನದಲ್ಲಿದ್ದ ಮಕೆದೋನಿಯದ ಕ್ರೈಸ್ತರು ಈ ಪುಣ್ಯಕಾರ್ಯದಲ್ಲಿ ತಮಗೂ ಪಾಲು ಬೇಕೆಂದು ಬೇಡಿಕೊಂಡದ್ದನ್ನು ಸಂತರು ಎರಡನೆಯ ಪತ್ರದಲ್ಲಿ ಅಭಿಮಾನದಿಂದ ಹೇಳಿದ್ದಾರೆ. ಪಡೆಯುವುದಕ್ಕಾಗಿ ಬೇಡುವವರುಂಟು, ಕೊಡುವುದಕ್ಕಾಗಿ ಬೇಡಿದವರು ಇವರು.

ಸುಮಾರು 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನರು ಭಾನುವಾರದ ಪೂಜೆಯನ್ನು ವರ್ಣಿಸುತ್ತಾ, ಶಕ್ತಿಯುಳ್ಳವರು ತಮಗೆ ಇಷ್ಟವಾದಷ್ಟನ್ನು ಕೊಡುವರೆಂದೂ, ಅಧ್ಯಕ್ಷರು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರು ಇವರನ್ನು ಪೋಷಿಸುವರೆಂದೂ ಬರೆದಿದ್ದಾರೆ. ಸುಮಾರು 197ರಲ್ಲಿ ಕಾರ್ಥೇಜಿನ ಟರ್ಟುಲಿಯನ್ನನು ತಿಂಗಳಿಗೊಮ್ಮೆ ಹಾಕುವ ಚಿಕ್ಕ ಕಾಣಿಕೆಯನ್ನು ಕುರಿತು ಹೇಳುತ್ತಾನೆ. ಮನಸ್ಸಿದ್ದರೆ, ಕೈಲಾದರೆ ಕೊಡಬಹುದಿತ್ತು, ಬಲವಂತವಿರಲಿಲ್ಲ. ಆ ಹಣ ಬಡವರ ಶವಸಂಸ್ಕಾರಕ್ಕೆ, ಅನಾಥ ಮಕ್ಕಳಿಗೆ, ಮುದಿ ಆಳುಗಳಿಗೆ, ಹಡಗೊಡೆದು ನಿರ್ಗತಿಕರಾದವರಿಗೆ ಸಲ್ಲುತ್ತಿತ್ತು. ಈ ಚಿಕ್ಕ ಕಾಣಿಕೆಗಳು ಕೂಡಿ ಎಷ್ಟಾದುವು? ಜಗದ್ಗುರು ಕೊರ್ನೇಲಿಯರು 251ರ ಸುಮಾರಿನಲ್ಲಿ ಬರೆದ ಪತ್ರದ ಪ್ರಕಾರ, ರೋಮಿನ ಧರ್ಮಸಭೆಯೊಂದೇ 1500ಕ್ಕಿಂತ ಹೆಚ್ಚು ವಿಧವೆಯರನ್ನೂ ದೀನರನ್ನೂ ಸಲಹುತ್ತಿತ್ತು. ಕ್ರೈಸ್ತಧರ್ಮಕ್ಕೆ ಆಗಿನ್ನೂ ರಾಜಾಶ್ರಯವಿರಲಿಲ್ಲ. ಹಿಂಸೆಯ ಕಾಲ ಮುಗಿದಿರಲಿಲ್ಲ.

ಉಪವಾಸದಿಂದ ಹುಟ್ಟಿದ ದಾನ

ಕೈಯಲ್ಲಿ ಕಾಸೇ ಇಲ್ಲದವನು ಏನು ಮಾಡಬೇಕು? ಎರಡನೆಯ ಶತಮಾನದ ಪೂರ್ವಾರ್ಧದಲ್ಲಿ ಅಥೇನ್ಸಿನ ಅರಿಸ್ಟಿಡೀಸ್ ಎಂಬ ಕ್ರೈಸ್ತ ತತ್ತ್ವಜ್ಞಾನಿ ಇದಕ್ಕೆ ಉತ್ತರವನ್ನು ಬರೆದಿಟ್ಟಿದ್ದಾನೆ. ತಮ್ಮ ನಡುವೆ ಹಸಿದವನೊಬ್ಬನಿದ್ದು, ಕೊಡಲು ಮಿಗುವಷ್ಟು ಆಹಾರ ಯಾರಲ್ಲಿಯೂ ಇಲ್ಲದಿದ್ದರೆ, ಕ್ರೈಸ್ತರು ಎರಡು ಮೂರು ದಿನ ತಾವೇ ಉಪವಾಸವಿದ್ದು, ಉಳಿದ ಆಹಾರವನ್ನು ಅವನಿಗೆ ಕೊಡುತ್ತಿದ್ದರಂತೆ. ಅದೇ ಶತಮಾನದಲ್ಲಿ ರೋಮಿನಲ್ಲಿ ರಚಿತವಾದ ಹೆರ್ಮಾಸನ ಗ್ರಂಥವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲೆಕ್ಕವನ್ನೇ ಕಲಿಸುತ್ತದೆ. ಉಪವಾಸದ ದಿನ ರೊಟ್ಟಿ ಮತ್ತು ನೀರಿನಲ್ಲಿ ತೃಪ್ತನಾಗಿದ್ದು, ಅಂದು ಉಣ್ಣಬೇಕಾಗಿದ್ದ ಊಟದ ಬೆಲೆಯನ್ನು ಎಣಿಸಿ, ವಿಧವೆಗೋ ಅನಾಥನಿಗೋ ಕೊಡಬೇಕು.

ತಪಸ್ಸುಕಾಲದಲ್ಲಿ ನಾವು ಉಪವಾಸವನ್ನೂ ದಾನವನ್ನೂ ಜೊತೆಯಾಗಿ ಆಚರಿಸುವುದರ ಮೂಲ ಇಲ್ಲಿದೆ. 440ರಿಂದ 461ರವರೆಗೆ ಜಗದ್ಗುರುಗಳಾಗಿದ್ದ ಮಹಾ ಲಿಯೋ ಅವರು ತಪಸ್ಸುಕಾಲದಲ್ಲಿಯೂ ಬಡವರಿಗಾಗಿ ಕಾಣಿಕೆಯೆತ್ತುವ ದಿನಗಳಲ್ಲಿಯೂ, ಜನರ ಅನುಕೂಲತೆ ಸಮನಾಗಿರದಿದ್ದರೂ ಅವರ ಪ್ರೀತಿ ಸಮನಾಗಿರಬಹುದೆಂದು ಮತ್ತೆ ಮತ್ತೆ ಉಪದೇಶಿಸಿದರು.

ಲಿಯೋನ್ ನಗರದ ವಾರದ ಕಾಸು

ಈ ಪ್ರಾಚೀನ ವಿಧಾನವು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹೊಸ ರೂಪ ತಾಳಿತು. ಅದರ ಫಲ ನಮ್ಮ ನಾಡಿಗೂ ದೊರೆಯಿತು. ಲಿಯೋನ್ ನಗರದ ರೇಷ್ಮೆ ವರ್ತಕನ ಮಗಳಾಗಿ 1799ರಲ್ಲಿ ಜನಿಸಿದ ಪೌಲಿನ್ ಜಾರಿಕೋ, ಗುರುಮಠದಲ್ಲಿ ಓದುತ್ತಿದ್ದ ತನ್ನ ಅಣ್ಣನಿಂದ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಕಷ್ಟಗಳನ್ನು ಕೇಳಿ ತಿಳಿದಳು. ಆಕೆ ನೆರವಿಗಾಗಿ ಮೊದಲು ಆಶ್ರಯಿಸಿದ್ದು ರೇಷ್ಮೆ ಕಾರ್ಖಾನೆಯ ಕೂಲಿ ಹೆಣ್ಣುಮಕ್ಕಳನ್ನು. ಪ್ರತಿಯೊಬ್ಬಳೂ ವಾರಕ್ಕೆ ಒಂದು ‘ಸೂ’ ಕೊಡಬೇಕು. ಫ್ರಾಂಕೊಂದಕ್ಕೆ ಇಪ್ಪತ್ತು ಸೂ; ಅಷ್ಟು ಕಿರಿಯ ನಾಣ್ಯವದು. ಹತ್ತು ಮಂದಿಗೆ ಒಬ್ಬರು ಸಂಗ್ರಾಹಕರು. ಹತ್ತು ಗುಂಪು ಸೇರಿದರೆ ನೂರು, ನೂರರ ಹತ್ತು ಗುಂಪು ಸೇರಿದರೆ ಸಾವಿರ.

1822ರ ಮೇ 3ರಂದು ಲಿಯೋನಿನಲ್ಲಿ ಸ್ಥಾಪಿತವಾದ ವಿಶ್ವಾಸ ಪ್ರಸಾರ ಸಂಘಕ್ಕೆ ಈ ವಾರದ ಕಾಸೇ ಅಡಿಗಲ್ಲು. ಅದರ ಮೊದಲ ನೆರವು ಅಮೆರಿಕದ ಲೂಸಿಯಾನ ಮತ್ತು ಕೆಂಟಕಿಗಳಿಗೂ ಚೀನಾಕ್ಕೂ ಹೋಯಿತು. ಕ್ರಮೇಣ ಲೋಕದ ಮೂಲೆಮೂಲೆಗೂ ಹರಡಿ, ಪ್ಯಾರಿಸ್ಸಿನ ಅದೇ ಸಂಸ್ಥೆಯ ಗುರುಗಳು ನೋಡಿಕೊಳ್ಳುತ್ತಿದ್ದ ಮೈಸೂರು ಸೀಮೆಗೂ ಬಂದಿತು. ಮೈಸೂರು 1850ರಲ್ಲಿ ಪ್ರತ್ಯೇಕ ಧರ್ಮಪ್ರಚಾರ ಪ್ರಾಂತ್ಯವಾಗಿ, 1886ರಲ್ಲಿ ಪೂರ್ಣ ಧರ್ಮಪ್ರಾಂತ್ಯವಾಯಿತು. ಈ ನಡುವೆ 1876–78ರಲ್ಲಿ, ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮವು ರಾಜ್ಯವನ್ನು ನುಂಗಿದಾಗ, ಗುರುಗಳು ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಕನ್ನಡವೆಂಬ ಭಾಷೆಯಿದೆಯೆಂಬುದನ್ನೇ ಅರಿಯದ ನೇಯ್ಗೆಯ ಹೆಣ್ಣುಮಕ್ಕಳ ಕಾಸು ನಮ್ಮ ನಾಡಿನ ಧರ್ಮಕಾರ್ಯಕ್ಕೆ ಸಂದಿತೆಂಬುದನ್ನು ನಾವು ಮರೆಯಬಾರದು.

ಪೌಲಿನ್ ಜಾರಿಕೋಳ ಬಾಳಿನ ಕೊನೆ ಕರುಣಾಜನಕವಾದುದು. ಕಾರ್ಮಿಕರ ಹಿತಕ್ಕಾಗಿ ಆದರ್ಶ ಕಾರ್ಖಾನೆಯೊಂದನ್ನು ಸ್ಥಾಪಿಸಲು ಹೋಗಿ, ನಂಬಿದವರಿಂದ ವಂಚಿತಳಾಗಿ, ಸಾಲದ ಹೊರೆ ಹೊತ್ತು, ಕೊನೆಗೆ ಊರಿನ ಬಡವರ ಪಟ್ಟಿಗೆ ತಾನೇ ಸೇರಿ, 1862ರಲ್ಲಿ ತೀರಿಕೊಂಡಳು. 2022ರ ಮೇ 22ರಂದು, ಸಂಘಕ್ಕೆ ಇನ್ನೂರು ವರ್ಷ ತುಂಬಿದಾಗ, ಲಿಯೋನಿನಲ್ಲಿಯೇ ಆಕೆಯನ್ನು ಪುನೀತಳೆಂದು ಘೋಷಿಸಲಾಯಿತು.

ಗುಟ್ಟಿನ ಚೀಲ

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯೂ ಆತನ ಸಂಗಡಿಗರೂ ಕೂಡಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಗೆ ನಾಂದಿ ಹಾಡಿದರು. ಬಡವರ ಮನೆಗೆ ತಾವೇ ಹೋಗಿ, ಕುಳಿತು ಮಾತನಾಡಿ, ಕೈಲಾದುದನ್ನು ಕೊಟ್ಟು ಬರುವುದು ಅವರ ಪದ್ಧತಿ. ಭಾರತದಲ್ಲಿ ಈ ಸಭೆ 1863ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಈ ಸಭೆಯ ಕೂಟಗಳಲ್ಲಿ ಒಂದು ಪದ್ಧತಿಯುಂಟು. ಕೂಟ ಮುಗಿಯುವ ಮುನ್ನ ಒಂದು ಚೀಲ ಎಲ್ಲರ ಮುಂದೆಯೂ ಹಾದುಹೋಗುತ್ತದೆ. ಯಾರು ಎಷ್ಟು ಹಾಕಿದರೆಂಬುದು ಪಕ್ಕದಲ್ಲಿ ಕುಳಿತವನಿಗೂ ತಿಳಿಯುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪ್ರಭುವಿನ ಬೋಧನೆಯನ್ನು ಬಟ್ಟೆಯ ಚೀಲವೊಂದರಲ್ಲಿ ಹೊಲಿದಿಟ್ಟಂತೆ ಈ ಪದ್ಧತಿಯಿದೆ. ಇದರಿಂದ ಹೆಚ್ಚು ಕೊಟ್ಟವನು ಗರ್ವದಿಂದ ಪಾರಾಗುತ್ತಾನೆ. ಕಡಿಮೆ ಕೊಟ್ಟವನು ನಾಚಿಕೆಯಿಂದ ಪಾರಾಗುತ್ತಾನೆ.

ಹಿಡಿಯಕ್ಕಿ

ಪಶ್ಚಿಮದಲ್ಲಿ ಕಾಸು ಮಾಡಿದ ಕೆಲಸವನ್ನು ನಮ್ಮ ದೇಶದಲ್ಲಿ ಹಿಡಿಯಕ್ಕಿ ಮಾಡಿತು. ಕೇರಳದಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರರು ದೇವಾಲಯಗಳ ಪಕ್ಕದಲ್ಲಿ ಶಾಲೆಗಳನ್ನು ತೆರೆಯಿಸಿ, ಬಡ ಮಕ್ಕಳಿಗೆ ಮಧ್ಯಾಹ್ನದ ಗಂಜಿಗಾಗಿ ಮನೆಮನೆಯ ಹಿಡಿಯಕ್ಕಿಯನ್ನು ಕೂಡಿಸಿದರು. ಮಲೆಯಾಳದಲ್ಲಿ ಅದಕ್ಕೆ ‘ಪಿಡಿಯರಿ’ ಎಂದು ಹೆಸರು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಹೋದರಿಯರು 1910ರಿಂದ ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ಬೇರೆ ತೆಗೆದಿಡುತ್ತಾ ಬಂದಿದ್ದಾರೆ.

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಇನ್ನೊಂದು ಪರಂಪರೆಯೂ ಪರಿಚಿತವೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದನು. ಒಮ್ಮೆ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಆಯ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದಳೆಂದು ಶರಣರ ಚರಿತ್ರೆಯಲ್ಲಿದೆ. ಬಡತನವು ಔದಾರ್ಯಕ್ಕೆ ಅಡ್ಡಿಯಲ್ಲವೆಂಬ ಸತ್ಯ ಈ ಮಣ್ಣಿಗೆ ಹೊಸದಲ್ಲ.

ನನ್ನದೊಂದು ತಪ್ಪು

ಇಷ್ಟನ್ನೆಲ್ಲ ಗುರುಮಠದಲ್ಲಿ ಓದಿದ್ದ ನಾನೇ ಒಮ್ಮೆ ಎಡವಿದೆ. ಹಲವು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ದೇವಾಲಯದ ಚಾವಣಿಯನ್ನು ದುರಸ್ತಿ ಮಾಡಿಸುವಾಗ, ಭಾನುವಾರದ ಪೂಜೆಯ ಕೊನೆಯಲ್ಲಿ ದಾನಿಗಳ ಹೆಸರನ್ನೂ ಅವರು ಕೊಟ್ಟ ಹಣವನ್ನೂ ಗಟ್ಟಿಯಾಗಿ ಓದಿದೆ. ಕೂಲಿ ಮಾಡಿ ಬದುಕುತ್ತಿದ್ದ ವಿಧವೆಯೊಬ್ಬರು ತಮ್ಮ ಮನೆಯ ಕೋಳಿಯಿಟ್ಟ ಮೊಟ್ಟೆಗಳನ್ನು ವಾರವಾರವೂ ತಂದು ಕೆಲಸದ ಖರ್ಚಿಗೆಂದು ಒಪ್ಪಿಸುತ್ತಿದ್ದರು. ಮೊಟ್ಟೆಗೆ ರಸೀದಿ ಬರೆಯುವ ಪದ್ಧತಿ ಇರಲಿಲ್ಲವಾದ್ದರಿಂದ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಮರುವಾರ ಮೊಟ್ಟೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನೇ ಹೋಗಿ ವಿಚಾರಿಸಿದಾಗ, “ನಮ್ಮದೇನು ಬಿಡಿ ಸ್ವಾಮಿ, ಲೆಕ್ಕಕ್ಕೆ ಬರೋದಲ್ಲ” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ; ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪ್ರಭುವು ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಂಡ ಕಾಣಿಕೆಯನ್ನು ನಾನು ಲೆಕ್ಕದಿಂದಲೇ ಬಿಟ್ಟಿದ್ದೆ.

ಪ್ರಿಯ ಧರ್ಮಕೇಂದ್ರದ ಬಾಂಧವರೇ, ಈ ಕಾರಣದಿಂದ ಸಮಿತಿಯವರೂ ನಾನೂ ಕೂಡಿ ಆಲೋಚಿಸಿ, ಈ ಸಂಚಿಕೆಯಲ್ಲಿ ದಾನಿಗಳ ಹೆಸರುಗಳನ್ನು ಮೊಬಲಗಿಲ್ಲದೆ ಅಕಾರಾದಿಯಾಗಿ ಅಚ್ಚುಹಾಕಿಸಿದ್ದೇವೆ. ಶತಮಾನೋತ್ಸವ ವರ್ಷದ ಕಾಣಿಕೆಯನ್ನು ಇನ್ನು ಮುಂದೆ ಬಾಯಿ ಕಟ್ಟಿದ ಬಟ್ಟೆಯ ಚೀಲದಲ್ಲಿ ಸ್ವೀಕರಿಸಲಾಗುವುದು. ಅದರ ಒಂದು ಪಾಲು ನಮ್ಮಲ್ಲಿನ ರೋಗಿಗಳಿಗೂ ಶಾಲೆಯ ಮಕ್ಕಳಿಗೂ ಸಲ್ಲುವುದು.

ಸಂಬಳ ಕಡಿಮೆಯಿರುವವರು ಸಂತ ಪೌಲರು ಹೇಳಿದಂತೆ ವಾರಕ್ಕಿಷ್ಟು ಎಂದು ಮೊದಲೇ ತೆಗೆದಿಡಿರಿ. ಅದೂ ಕಷ್ಟವಾದರೆ ಶುಕ್ರವಾರದ ಒಂದು ಹೊತ್ತಿನ ಊಟದ ಬೆಲೆಯನ್ನು ಕೊಡಿರಿ. ಅಡಿಗೆ ಮಾಡುವ ತಾಯಂದಿರು ಒಂದು ಹಿಡಿ ಅಕ್ಕಿಯನ್ನೋ ರಾಗಿಯನ್ನೋ ಡಬ್ಬಿಯಲ್ಲಿ ಕೂಡಿಡಿರಿ. ಯುವಕರು ಪೌಲಿನ್ ಜಾರಿಕೋಳಂತೆ ಹತ್ತು ಹತ್ತು ಮಂದಿಯ ಗುಂಪು ಕಟ್ಟಿರಿ. ಏನೂ ಇಲ್ಲದವರು ಹಾಸಿಗೆ ಹಿಡಿದವರ ಮನೆಗೆ ಹೋಗಿ ಒಂದು ಗಂಟೆ ಕುಳಿತು ಬನ್ನಿರಿ. ಒಂದು ಬಟ್ಟಲು ನೀರು ಕೊಡಿರಿ. ಸಾಲ ಮಾಡಿ ಯಾರೂ ಕೊಡಬೇಡಿರಿ. ಇಲ್ಲದ್ದಕ್ಕೆ ತಕ್ಕಂತೆ ದೇವರು ಕೇಳುವುದಿಲ್ಲ, ಇದ್ದುದಕ್ಕೆ ತಕ್ಕಂತೆ ಮಾತ್ರ ಸ್ವೀಕರಿಸುತ್ತಾರೆಂದು ಕೊರಿಂಥದವರಿಗೆ ಸಂತ ಪೌಲರೇ ತಿಳಿಸಿದ್ದಾರೆ.

ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯನ್ನು ಈ ನೂರು ವರ್ಷಗಳಲ್ಲಿ ಇಲ್ಲಿ ಕೊಟ್ಟು ಹೋದ ಎಲ್ಲರ ಆತ್ಮಗಳಿಗಾಗಿ, ವಿಶೇಷವಾಗಿ ಹೆಸರು ದೇವರಿಗೆ ಮಾತ್ರ ತಿಳಿದಿರುವವರಿಗಾಗಿ, ಅರ್ಪಿಸುತ್ತೇನೆ. ಆ ದಿನ ತಮ್ಮ ಹಿರಿಯರನ್ನು ನೆನೆದು ಎಲ್ಲರೂ ತಪ್ಪದೆ ಬರಬೇಕೆಂದು ಕೋರುತ್ತೇನೆ. ಬೊಕ್ಕಸದ ಎದುರು ಕುಳಿತು ಎರಡು ಕಾಸನ್ನು ಕಂಡ ಪ್ರಭುವು ನಿಮ್ಮೆಲ್ಲರನ್ನೂ ನಿಮ್ಮ ಮನೆತನಗಳನ್ನೂ ಆಶೀರ್ವದಿಸಲಿ.