ದಂಡ ತೆತ್ತವರು ಯಾರು?

1772ರ ಏಪ್ರಿಲ್ 14ರ ನಸುಕು. ಇಂದಿನ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವೇರ್ ಎಂಬ ಹಳ್ಳಿಯ ತಂಗುಮನೆಯೊಂದರಲ್ಲಿ ಷರೀಫ್ ಬೆಂಜಮಿನ್ ವೈಟಿಂಗ್ ಮಲಗಿದ್ದ. ಹಿಂದಿನ ದಿನ ಅವನು ಎಬನೀಜರ್ ಮಜೆಟ್ ಎಂಬ ಮರದ ವ್ಯಾಪಾರಿಯನ್ನು ಬಂಧಿಸಲು ಬಂದಿದ್ದ. ಬ್ರಿಟಿಷ್ ನೌಕಾಪಡೆಯ ಹಡಗುಗಳ ಕೂವೆಕಂಬಕ್ಕೆ ಬೇಕೆಂದು, 12 ಅಂಗುಲ ದಪ್ಪ ದಾಟಿದ ಬಿಳಿ ಪೈನ್ ಮರಗಳೆಲ್ಲ ರಾಜನ ಸ್ವತ್ತು ಎಂದು 1722ರ ಕಾನೂನು ಸಾರಿತ್ತು. ತಮ್ಮದೇ ಹೊಲದ ಮರ ಕಡಿದದ್ದಕ್ಕೆ ದಂಡ ಕಟ್ಟಲು ವೇರ್‌ನ ಗರಗಸದ ಗಿರಣಿಯವರು ಒಪ್ಪಿರಲಿಲ್ಲ. ಬೆಳಗ್ಗೆ ಜಾಮೀನು ತರುತ್ತೇನೆ ಎಂದು ಹೇಳಿಹೋಗಿದ್ದ ಮಜೆಟ್, ಮುಖಕ್ಕೆ ಮಸಿ ಬಳಿದುಕೊಂಡ ಗುಂಪಿನೊಡನೆ ಹಿಂದಿರುಗಿದ. ಷರೀಫನಿಗೆ ಬೆತ್ತದ ಏಟು ಬಿತ್ತು. ಅವನ ಕುದುರೆಗಳ ಕಿವಿ, ಕೇಸರ, ಬಾಲಗಳನ್ನು ಕತ್ತರಿಸಿ ಓಡಿಸಿದರು. ಮುಂದೆ ನ್ಯಾಯಾಲಯಕ್ಕೆ ಹಾಜರಾದ ಎಂಟು ಮಂದಿಗೆ ವಿಧಿಸಿದ ದಂಡ ತಲಾ 20 ಷಿಲ್ಲಿಂಗ್ ಮಾತ್ರ. ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಪ್ರಸಂಗ ನಡೆದದ್ದು ಇದಾಗಿ ಒಂದೂವರೆ ವರ್ಷ ಕಳೆದ ಮೇಲೆ.

ಆ ರಾಜ್ಯದಲ್ಲಿ ಕಾನೂನು ಮುರಿಯುವುದಕ್ಕೆ ಇಷ್ಟು ಹಳೆಯ ಚರಿತ್ರೆಯಿದೆ. ಆದರೆ ಪೈನ್ ಮರದ ಗಲಭೆಯಲ್ಲಿ ನೋವುಂಡವರು ಸಂಬಳಕ್ಕೆ ದುಡಿಯುತ್ತಿದ್ದ ಅಧಿಕಾರಿ ಮತ್ತು ಏನೂ ಅರಿಯದ ಕುದುರೆಗಳು. ಮರಗಳ ಒಡೆಯನೆನಿಸಿದ ರಾಜ ಸಮುದ್ರದಾಚೆ ಸುರಕ್ಷಿತವಾಗಿದ್ದ. ಮುಂದಿನ ಎರಡೂವರೆ ಶತಮಾನಗಳಲ್ಲಿ ಅಲ್ಲಿ ನಡೆದ ಪ್ರತಿಯೊಂದು ಕಾನೂನುಭಂಗಕ್ಕೂ ಈ ಪ್ರಶ್ನೆ ಕೇಳಲೇಬೇಕು: ಮುರಿದದ್ದು ಯಾರು, ಬೆಲೆ ತೆತ್ತದ್ದು ಯಾರು?

ಈ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಕೊಟ್ಟವರು ಜಾರ್ಜ್ ಮೇನಾರ್ಡ್. ಕ್ಲೇರ್‌ಮಾಂಟ್ ಪಟ್ಟಣದ ಇವರು ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದವರು. ನ್ಯೂ ಹ್ಯಾಂಪ್‌ಷೈರ್ 1945ರಲ್ಲಿ ‘ಸ್ವತಂತ್ರವಾಗಿ ಬದುಕು, ಇಲ್ಲವೇ ಸಾಯಿ’ ಎಂಬುದನ್ನು ರಾಜ್ಯದ ಧ್ಯೇಯವಾಕ್ಯವಾಗಿ ಸ್ವೀಕರಿಸಿತ್ತು. ಸ್ವಾತಂತ್ರ್ಯ ಸಮರದ ದಂಡನಾಯಕ ಜಾನ್ ಸ್ಟಾರ್ಕ್ 1809ರಲ್ಲಿ ಬರೆದು ಕಳಿಸಿದ ಮಾತು ಅದು. ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದನ್ನು ಅಚ್ಚೊತ್ತಲಾಗಿತ್ತು. ಆ ವಾಕ್ಯ ತಮ್ಮ ಧರ್ಮಕ್ಕೆ ಒಗ್ಗುವುದಿಲ್ಲವೆಂದು ಮೇನಾರ್ಡ್ ಅದನ್ನು ಮುಚ್ಚಿಬಿಟ್ಟರು. 1974ರ ಕೊನೆಯಲ್ಲಿ ಪೊಲೀಸರು ಮೊಕದ್ದಮೆ ಹೂಡಿದರು, ನ್ಯಾಯಾಲಯ ದಂಡ ಹಾಕಿತು. ಕಟ್ಟುವುದಿಲ್ಲ ಎಂದರು ಮೇನಾರ್ಡ್. 15 ದಿನ ಜೈಲಿನಲ್ಲಿದ್ದರು. 1977ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಸರ್ಕಾರದ ಘೋಷಣೆಯನ್ನು ಹೊತ್ತು ತಿರುಗುವಂತೆ ಪ್ರಜೆಯನ್ನು ಬಲವಂತಪಡಿಸಲಾಗದು ಎಂಬ ತತ್ವ ಆ ದೇಶದ ಸಂವಿಧಾನ ವ್ಯಾಖ್ಯಾನದಲ್ಲಿ ಇನ್ನಷ್ಟು ಗಟ್ಟಿಯಾಯಿತು. ಮೇನಾರ್ಡ್ ಯಾರ ಮೇಲೂ ಕೈಮಾಡಲಿಲ್ಲ, ಯಾರ ಕೆಲಸಕ್ಕೂ ಅಡ್ಡಬರಲಿಲ್ಲ. ಹದಿನೈದು ದಿನಗಳ ಬೆಲೆಯನ್ನು ಅವರೇ ತೆತ್ತರು.

ಇಂಥ ನೆಲಕ್ಕೆ ಹೊರಗಿನಿಂದ ಒಂದು ಚಳವಳಿ ವಲಸೆ ಬಂತು. 2001ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ ಜೇಸನ್ ಸೋರೆನ್ಸ್ ಒಂದು ಲೇಖನ ಬರೆದರು. ಅವರು ಲಿಬರ್ಟೇರಿಯನ್, ಅಂದರೆ ವ್ಯಕ್ತಿಯ ಬದುಕಿನಲ್ಲೂ ವ್ಯಾಪಾರದಲ್ಲೂ ಸರ್ಕಾರದ ಕೈ ಆದಷ್ಟು ಕಡಿಮೆ ಇರಬೇಕು ಎನ್ನುವವರು. ದೇಶದ ತುಂಬ ಚದುರಿಹೋದ ತಮ್ಮಂಥವರು ಚುನಾವಣೆಗಳಲ್ಲಿ ಎಂದೂ ಗೆಲ್ಲಲಾರರು; 20,000 ಮಂದಿ ಒಂದೇ ಸಣ್ಣ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ಆಡಳಿತವನ್ನು ಬದಲಿಸಬಹುದು ಎಂಬುದು ಅವರ ಲೆಕ್ಕ. ‘ಫ್ರೀ ಸ್ಟೇಟ್ ಪ್ರಾಜೆಕ್ಟ್’ ಹುಟ್ಟಿದ್ದು ಹಾಗೆ. ಹತ್ತು ರಾಜ್ಯಗಳ ನಡುವೆ ಮತ ಹಾಕಿದ ಸದಸ್ಯರು 2003ರಲ್ಲಿ ನ್ಯೂ ಹ್ಯಾಂಪ್‌ಷೈರನ್ನು ಆರಿಸಿದರು, ವಯೋಮಿಂಗ್ ಎರಡನೆಯದಾಯಿತು.

ಆಯ್ಕೆಗೆ ಕಾರಣಗಳಿದ್ದವು. ಅಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯಿಲ್ಲ, ಸಾಮಾನ್ಯ ಮಾರಾಟ ತೆರಿಗೆಯಿಲ್ಲ, ವಯಸ್ಕರಿಗೆ ಸೀಟ್ ಬೆಲ್ಟ್ ಕಡ್ಡಾಯವಿಲ್ಲ. ಸುಮಾರು 14 ಲಕ್ಷ ಜನರಿರುವ ರಾಜ್ಯದ ಕೆಳಮನೆಯಲ್ಲಿ 400 ಸದಸ್ಯರು. ಅವರ ಸಂಬಳ ವರ್ಷಕ್ಕೆ 100 ಡಾಲರ್. ಕೆಲವೇ ಸಾವಿರ ಮನೆಗಳ ಬಾಗಿಲು ತಟ್ಟಿದವರು ಶಾಸಕರಾಗಬಹುದು. 2016ರ ಫೆಬ್ರುವರಿಯಲ್ಲಿ, ವಲಸೆ ಬರುತ್ತೇವೆ ಎಂಬ ಪ್ರತಿಜ್ಞೆಗೆ 20,000 ಸಹಿಗಳು ಪೂರ್ತಿಯಾದವು. ನಿಜವಾಗಿ ಗಂಟುಮೂಟೆ ಕಟ್ಟಿಕೊಂಡು ಬಂದವರು ಅದಕ್ಕಿಂತ ಬಹಳ ಕಡಿಮೆ.

ಬಂದವರಲ್ಲಿ ಎರಡು ದಾರಿ. ಚುನಾವಣೆಗೆ ನಿಂತವರದು ಒಂದು, ಬೀದಿಗಿಳಿದವರದು ಇನ್ನೊಂದು. ಬೀದಿಯವರ ರಾಜಧಾನಿಯಾದದ್ದು ಕೀನ್.

ಮೆಸಾಚೂಸೆಟ್ಸ್ ಗಡಿಗೆ ಹತ್ತಿರದ, ಸುಮಾರು 23,000 ಜನಸಂಖ್ಯೆಯ ಊರು ಕೀನ್. ನಡುವೆ ಸೆಂಟ್ರಲ್ ಸ್ಕ್ವೇರ್ ಎಂಬ ಹಸಿರು ಚೌಕ, ಸುತ್ತ ಅಂಗಡಿಗಳು, ಒಂದು ಸರ್ಕಾರಿ ಕಾಲೇಜು. ಅಕ್ಟೋಬರ್ ಬಂತೆಂದರೆ ಕುಂಬಳಕಾಯಿ ಹಬ್ಬ. 2006ರಲ್ಲಿ ಫ್ಲಾರಿಡಾದಿಂದ ಬಂದ ರೇಡಿಯೋ ನಿರೂಪಕ ಇಯಾನ್ ಫ್ರೀಮನ್ ಇಲ್ಲಿ ನೆಲೆಯೂರಿದ ಮೇಲೆ, ಸಮಾನ ಮನಸ್ಕರು ಒಬ್ಬೊಬ್ಬರಾಗಿ ಸೇರಿಕೊಂಡರು.

ಅವರ ಮಾದರಿ ಅದಕ್ಕೂ ಮುಂಚೆ ಸಿದ್ಧವಾಗಿತ್ತು. 2005ರ ಮೇ ತಿಂಗಳಲ್ಲಿ, ರಾಜ್ಯದ ರಾಜಧಾನಿ ಕಾಂಕರ್ಡ್‌ನಲ್ಲಿ, ಕ್ಷೌರ ಮತ್ತು ಸೌಂದರ್ಯ ವೃತ್ತಿಗಳಿಗೆ ಪರವಾನಗಿ ಕೊಡುವ ಮಂಡಳಿಯ ಕಚೇರಿಯ ಎದುರೇ ಒಬ್ಬ ಯುವಕ ಗೆಳೆಯನ ಉಗುರು ತಿದ್ದಿ ಬಂಧಿತನಾದ. ಲೈಸೆನ್ಸ್ ಇಲ್ಲದೆ ಹೀಗೆ ಮಾಡಲಿದ್ದೇನೆ ಎಂದು ಅವನು ಮೊದಲೇ ಸಾರಿದ್ದ. ಉಗುರು ಕತ್ತರಿಸಿ ಹೊಟ್ಟೆ ಹೊರೆಯುವುದಕ್ಕೂ ಸರ್ಕಾರದ ಅಪ್ಪಣೆ ಏಕೆ ಎಂಬ ಅವನ ಪ್ರಶ್ನೆ ಸಣ್ಣದಲ್ಲ. ಕೈಕಸುಬಿನಿಂದ ಬದುಕು ಕಟ್ಟಿಕೊಳ್ಳಲು ಹೊರಟ ಬಡವರಿಗೆ ತರಬೇತಿ ಶುಲ್ಕ, ಪರೀಕ್ಷೆ, ಪರವಾನಗಿಗಳ ಬೇಲಿ ಎಷ್ಟು ಎತ್ತರ ಎಂಬುದನ್ನು ಅದು ಎತ್ತಿ ತೋರಿಸಿತು.

ಕೀನ್‌ನಲ್ಲಿ ಹೋರಾಟ ಊರಿನ ಕಟ್ಟಳೆಗಳ ವಿರುದ್ಧ ತಿರುಗಿತು. ಫ್ರೀಮನ್‌ರ ಬಾಡಿಗೆದಾರರ ಹಳೆಯ ಸೋಫಾವೊಂದು ಮನೆಯ ಅಂಗಳದಲ್ಲಿದ್ದ ಸಂಗತಿ ನ್ಯಾಯಾಲಯದ ಮೆಟ್ಟಿಲೇರಿ, 2008ರಲ್ಲಿ ಫ್ರೀಮನ್ ನ್ಯಾಯಾಲಯ ನಿಂದನೆಗಾಗಿ ಜೈಲು ಸೇರಿದರು. 2009ರ ಜನವರಿಯ ಚಳಿಯಲ್ಲಿ ಯುವಕನೊಬ್ಬ ಮೊದಲೇ ತಿಳಿಸಿ, ಚಿಟಿಕೆ ಗಾಂಜಾ ಹಿಡಿದು ಚೌಕದಲ್ಲಿ ನಿಂತು ಸೆರೆಯಾದ. ಅದೇ ವರ್ಷದ ಶರತ್ಕಾಲದಲ್ಲಿ ದಿನವೂ ಸಂಜೆ 4 ಗಂಟೆ 20 ನಿಮಿಷಕ್ಕೆ ಜನ ಅಲ್ಲಿ ನೆರೆದು ಬಹಿರಂಗವಾಗಿ ಗಾಂಜಾ ಸೇದತೊಡಗಿದರು. ಅಲ್ಪ ಪ್ರಮಾಣದ ಗಾಂಜಾ ಇಟ್ಟುಕೊಳ್ಳುವುದನ್ನು ನ್ಯೂ ಹ್ಯಾಂಪ್‌ಷೈರ್ ಅಪರಾಧಗಳ ಪಟ್ಟಿಯಿಂದ ತೆಗೆದು, ಬರೀ ದಂಡಕ್ಕೆ ಇಳಿಸಿದ್ದು 2017ರಲ್ಲಿ.

ಬಹಿರಂಗವಾಗಿ ಸಾರಿ ಕಾನೂನು ಮುರಿಯುವುದು, ಶಿಕ್ಷೆಯನ್ನು ತಾನೇ ಸ್ವೀಕರಿಸುವುದು: ಈ ದಾರಿಯ ಮೂಲಪುರುಷ ಕೀನ್‌ಗೆ ದೂರದವನಲ್ಲ. ಪಕ್ಕದ ಮೆಸಾಚೂಸೆಟ್ಸ್‌ನ ಇನ್ನೊಂದು ಕಾಂಕರ್ಡ್‌ನಲ್ಲಿ 1846ರ ಜುಲೈನಲ್ಲಿ ಹೆನ್ರಿ ಡೇವಿಡ್ ಥೋರೋ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿದ್ದ. ಗುಲಾಮಗಿರಿಗೂ ಮೆಕ್ಸಿಕೋ ಯುದ್ಧಕ್ಕೂ ತನ್ನ ಹಣ ಸಲ್ಲಬಾರದು ಎಂಬುದು ಅವನ ನಿಲುವು. ಅವನು ಬೇಡವೆಂದರೂ ಬೇರೆ ಯಾರೋ ತೆರಿಗೆ ಕಟ್ಟಿ ಬಿಡಿಸಿದರು. 1849ರಲ್ಲಿ ಪ್ರಕಟವಾದ ಅವನ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಓದಿದರು. ಆ ಎಳೆ ಕನ್ನಡ ನಾಡಿಗೂ ಬಂತು: 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು, ಮುಂದೆ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿ ಹೊಲ ಮನೆ ಕಳೆದುಕೊಂಡರು. ಆ ರೈತರು ತೆತ್ತದ್ದರ ಮುಂದೆ ಕೀನ್‌ನ ಸೋಫಾ ಜಗಳ ತೀರ ಚಿಕ್ಕದು. ಆದರೂ ಅಳೆಯುವ ಕೋಲು ಒಂದೇ.

ಆ ಕೋಲಿಗೆ ನಿಜವಾದ ಪರೀಕ್ಷೆ ಬಂದದ್ದು ಪಾರ್ಕಿಂಗ್ ಮೀಟರಿನ ಬಳಿ.

2012ರ ಡಿಸೆಂಬರ್‌ನಲ್ಲಿ ಕೀನ್‌ನ ಕೆಲವರು ಹೊಸ ಬಗೆಯ ಗಸ್ತು ಶುರುಮಾಡಿದರು. ನಗರದ ಪಾರ್ಕಿಂಗ್ ಸಿಬ್ಬಂದಿ ಮೂವರು. ಅವರು ರಸ್ತೆಗಿಳಿದ ಕೂಡಲೇ ಇವರು ಬೆನ್ನುಹತ್ತುತ್ತಿದ್ದರು, ಅವಧಿ ಮುಗಿದ ಮೀಟರ್ ಕಂಡರೆ ಚೀಟಿ ಹರಿಯುವ ಮೊದಲೇ ತಮ್ಮ ಕಿಸೆಯ ನಾಣ್ಯ ಹಾಕುತ್ತಿದ್ದರು. ರಾಜನ ಸುಂಕದಿಂದ ನಿಮ್ಮನ್ನು ಪಾರುಮಾಡಿದ್ದೇವೆ ಎಂಬರ್ಥದ ಕಾರ್ಡೊಂದನ್ನು ಗಾಜಿನ ಮೇಲೆ ಸಿಕ್ಕಿಸಿ ಮುಂದೆ ಸಾಗುತ್ತಿದ್ದರು. ರಾಬಿನ್ ಹುಡ್‌ಗಳು ಎಂಬ ಹೆಸರು ಬಂತು. ಪರರ ಮೀಟರಿಗೆ ನಾಣ್ಯ ಹಾಕುವುದು ಎಲ್ಲ ಊರಲ್ಲೂ ನಿರಪಾಯವಲ್ಲ: 1996ರಲ್ಲಿ ಓಹಾಯೋದ ಸಿನ್ಸಿನಾಟಿಯಲ್ಲಿ 63 ವರ್ಷದ ಅಜ್ಜಿಯೊಬ್ಬರು ಅದನ್ನೇ ಮಾಡಹೋಗಿ ಬಂಧನಕ್ಕೊಳಗಾಗಿದ್ದರು. ಕೀನ್‌ನಲ್ಲಿ ಅದನ್ನು ತಡೆಯುವ ಕಾನೂನಿರಲಿಲ್ಲ.

ಆದರೆ ನಾಣ್ಯದ ಜೊತೆ ಕ್ಯಾಮೆರಾವೂ ಇತ್ತು, ಮಾತೂ ಇತ್ತು. ಹೆಜ್ಜೆ ಹೆಜ್ಜೆಗೂ ಹಿಂಬಾಲಿಸುತ್ತಾರೆ, ಮುಖಕ್ಕೆ ವಿಡಿಯೋ ಹಿಡಿಯುತ್ತಾರೆ, ಕೆಲಸ ಬಿಡು ಎಂದು ಪೀಡಿಸುತ್ತಾರೆ ಎಂದು ಸಿಬ್ಬಂದಿ ದೂರಿದರು. ಹಿಂದೆ ಸೈನ್ಯದಲ್ಲಿದ್ದ ಒಬ್ಬರು ಈ ಒತ್ತಡ ತಾಳಲಾರದೆ ರಾಜೀನಾಮೆ ಕೊಟ್ಟರು. 2013ರ ಮೇ ತಿಂಗಳಲ್ಲಿ ನಗರಾಡಳಿತ ಮೊಕದ್ದಮೆ ಹೂಡಿತು: ನೌಕರರೊಡನೆ ತನಗಿರುವ ಕರಾರಿನಲ್ಲಿ ಇವರು ಕೈಹಾಕುತ್ತಿದ್ದಾರೆ, ಇವರನ್ನು ಸಿಬ್ಬಂದಿಯಿಂದ ದೂರ ನಿಲ್ಲಿಸಬೇಕು ಎಂಬುದು ಅದರ ಕೋರಿಕೆ.

ಡಿಸೆಂಬರ್‌ನಲ್ಲಿ ಕೆಳ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 2015ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಎರಡು ಭಾಗಗಳಿದ್ದವು. ಪಾರ್ಕಿಂಗ್ ದಂಡದ ನೀತಿಯನ್ನು ಬೀದಿಯಲ್ಲಿ ನಿಂತು ಪ್ರತಿಭಟಿಸುವುದು ಸಾರ್ವಜನಿಕ ವಿಷಯದ ಮೇಲಿನ ವಾಕ್‌ಸ್ವಾತಂತ್ರ್ಯ. ಅದಕ್ಕಾಗಿ ಪರಿಹಾರ ಕೇಳಲು ನಗರಕ್ಕೆ ಹಕ್ಕಿಲ್ಲ ಎಂಬುದು ಮೊದಲನೆಯದು. ಆದರೆ ಸಿಬ್ಬಂದಿಯ ರಕ್ಷಣೆಗಾಗಿ ಸೀಮಿತ ನಿರ್ಬಂಧ ಬೇಕೋ ಬೇಡವೋ ಎಂಬುದನ್ನು ಕೆಳ ನ್ಯಾಯಾಲಯ ಸರಿಯಾಗಿ ಪರಿಶೀಲಿಸಿಲ್ಲ, ಮತ್ತೆ ನೋಡಲಿ ಎಂಬುದು ಎರಡನೆಯದು. ‘ಕೀನ್ ನಗರ ವಿರುದ್ಧ ಕ್ಲೀವ್‌ಲ್ಯಾಂಡ್’ ಎಂಬ ಈ ಪ್ರಕರಣದಲ್ಲಿ ಚಳವಳಿಗಾರರ ಹಕ್ಕು ಗೆದ್ದಿತು. ಗೆಲ್ಲಬೇಕಾದ್ದೇ, ಬೀದಿಯಲ್ಲಿ ಟೀಕಿಸಿದವರ ಮೇಲೆಲ್ಲ ನಗರಸಭೆಗಳು ದಾವೆ ಹೂಡುವಂತಾದರೆ ಬಾಯಿ ತೆರೆಯುವವರು ಉಳಿಯುವುದಿಲ್ಲ. ಆದರೆ ಮೀಟರಿನ ದರ ನಿಗದಿ ಮಾಡಿದವರು ನಗರಸಭೆಯ ಸದಸ್ಯರು. ಬಿಸಿಲು ಹಿಮಗಳಲ್ಲಿ ಬೈಗುಳ ತಿಂದವರು, ಕೆಲಸ ಬಿಟ್ಟವರು ಅದೇ ರಸ್ತೆಯಲ್ಲಿ ಸಂಬಳಕ್ಕೆ ನಡೆಯುತ್ತಿದ್ದ ಜನ. ವೇರ್‌ನ ಷರೀಫನಿಗೆ ಬಿದ್ದ ಪಾಲು ಇಲ್ಲಿ ಇವರಿಗೆ ಬಿತ್ತು.

ಅದೇ ವೇರ್‌ನಲ್ಲಿ, 2010ರ ಮಾರ್ಚ್‌ನ ಒಂದು ರಾತ್ರಿ, ಬೇರೊಂದು ಬಗೆಯ ಚರಿತ್ರೆ ನಡೆಯಿತು. ಕಾರ್ಲಾ ಗೆರಿಕಿ ದಕ್ಷಿಣ ಆಫ್ರಿಕ ಮೂಲದ ವಕೀಲೆ. ಮುಂದೆ ಫ್ರೀ ಸ್ಟೇಟ್ ಪ್ರಾಜೆಕ್ಟ್‌ನ ಅಧ್ಯಕ್ಷೆಯಾದರು. ಮುಂದಿನ ಕಾರಿನಲ್ಲಿದ್ದ ಗೆಳೆಯನನ್ನು ಪೊಲೀಸರು ತಡೆದಾಗ, ದೂರ ನಿಂತು ಕ್ಯಾಮೆರಾ ಹಿಡಿದರು. ಕ್ಯಾಮೆರಾ ಕೆಟ್ಟಿದ್ದರಿಂದ ಏನೂ ದಾಖಲಾಗಲಿಲ್ಲ. ಆದರೂ ಕದ್ದಾಲಿಕೆ ಕಾನೂನಿನಡಿ ಅವರನ್ನು ಬಂಧಿಸಿ ಆರೋಪ ಹೊರಿಸಿದರು. ಸರ್ಕಾರಿ ವಕೀಲರು ಅದನ್ನು ಮುಂದುವರಿಸಲಿಲ್ಲ, ಗೆರಿಕಿ ಬಿಡಲಿಲ್ಲ. 2014ರ ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕವಾಗಿ ಕರ್ತವ್ಯ ನಿರ್ವಹಿಸುತ್ತಿರುವ ಪೊಲೀಸರನ್ನು ಚಿತ್ರೀಕರಿಸುವ ಹಕ್ಕು ವಾಹನ ತಪಾಸಣೆಗೂ ಅನ್ವಯಿಸುತ್ತದೆ ಎಂದಿತು. ಪ್ರಕರಣ 57,500 ಡಾಲರ್ ಪರಿಹಾರದೊಂದಿಗೆ ಮುಗಿಯಿತು. ಬಂಧನದ ಅವಮಾನ, ನಾಲ್ಕು ವರ್ಷದ ಅಲೆದಾಟ ಗೆರಿಕಿಯವರದು. ಸಿಕ್ಕ ಹಕ್ಕು ಲಿಬರ್ಟೇರಿಯನ್ ಎಂಬ ಪದವನ್ನೇ ಕೇಳದ ಜನರದೂ ಹೌದು.

ಕೀನ್‌ನ ಕಥೆ ಇಷ್ಟು ಒಳ್ಳೆಯ ತಿರುವು ಕಾಣಲಿಲ್ಲ. ಫ್ರೀಮನ್ ಮತ್ತು ಸಂಗಡಿಗರು ಬಿಟ್‌ಕಾಯಿನ್ ವ್ಯವಹಾರಕ್ಕಿಳಿದಿದ್ದರು. ಹಣ ವರ್ಗಾಯಿಸಲು ಸರ್ಕಾರದ ಲೈಸೆನ್ಸ್ ಏಕೆ ಎಂಬುದು ಉಗುರು ತಿದ್ದಿದವನ ಪ್ರಶ್ನೆಯ ಹಾಗೇ ಕೇಳಿಸುತ್ತದೆ. ಆದರೆ 2021ರ ಮಾರ್ಚ್‌ನಲ್ಲಿ ಎಫ್‌ಬಿಐ ದಾಳಿ ಮಾಡಿ, ಪ್ರಕರಣ ವಿಚಾರಣೆಗೆ ಬಂದಾಗ ಎದುರು ಬಂದವರು ಬೇರೆಯೇ ಜನ: ಪ್ರೀತಿಯ ನಾಟಕವಾಡಿದ ವಂಚಕರನ್ನು ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡ ವೃದ್ಧರು. ಅವರ ಹಣ ಈ ವ್ಯವಹಾರದ ಮೂಲಕ ಹರಿದುಹೋಗಿತ್ತು. 2022ರ ಡಿಸೆಂಬರ್‌ನಲ್ಲಿ ಜ್ಯೂರಿ ಫ್ರೀಮನ್ ಅಪರಾಧಿ ಎಂದಿತು. 2023ರ ಅಕ್ಟೋಬರ್‌ನಲ್ಲಿ 8 ವರ್ಷ ಜೈಲು ಶಿಕ್ಷೆಯಾಯಿತು. ಇಲ್ಲಿ ಮೊದಲೇ ಸಾರಿ ಮುರಿದ ಕಾನೂನಿರಲಿಲ್ಲ, ಬೆಲೆಯನ್ನು ಮೊದಲು ತೆತ್ತವರು ಅದಕ್ಕೆ ಒಪ್ಪಿಗೆ ಕೊಟ್ಟವರೂ ಆಗಿರಲಿಲ್ಲ.

ಚುನಾವಣೆಯ ದಾರಿ ಹಿಡಿದವರು ಅಷ್ಟರಲ್ಲಿ ಶಾಸನಸಭೆಯಲ್ಲೂ ಊರಸಭೆಗಳಲ್ಲೂ ಬಲ ಪಡೆದಿದ್ದರು. ಸುಮಾರು 800 ಜನರ ಕ್ರಾಯ್ಡನ್‌ನಲ್ಲಿ 2022ರ ಮಾರ್ಚ್‌ನ ವಾರ್ಷಿಕ ಸಭೆಗೆ ಬಂದವರು ಕೆಲವರೇ. ಫ್ರೀ ಸ್ಟೇಟ್ ಬೆಂಬಲಿಗರೊಬ್ಬರು ಶಾಲೆಯ 17 ಲಕ್ಷ ಡಾಲರ್ ಬಜೆಟ್ಟನ್ನು 8 ಲಕ್ಷಕ್ಕೆ ಇಳಿಸುವ ಸೂಚನೆ ಮಂಡಿಸಿದರು. 20ಕ್ಕೆ 14 ಮತಗಳಿಂದ ಅದು ಅಂಗೀಕಾರವಾಯಿತು. ಎಲ್ಲವೂ ಕಾನೂನುಬದ್ಧವೇ.

ಊರಿನವರು ಕಾನೂನಿನ ಪುಸ್ತಕವನ್ನೇ ತೆರೆದರು. ಮತದಾರರಲ್ಲಿ ಅರ್ಧದಷ್ಟು ಮಂದಿ ಬಂದರೆ ತೀರ್ಮಾನವನ್ನು ಮತ್ತೆ ಮತಕ್ಕೆ ಹಾಕಬಹುದಿತ್ತು. ಅಂದರೆ 283 ಜನ ಬೇಕಿತ್ತು. ಪರಸ್ಪರ ಮಾತು ಬಿಟ್ಟಿದ್ದವರು, ಎಡದವರು, ಬಲದವರು, ಮಕ್ಕಳಿಲ್ಲದ ಹಿರಿಯರು ಮನೆಮನೆ ಸುತ್ತಿ, ಫೋನು ಮಾಡಿ ಜನರನ್ನು ಒಗ್ಗೂಡಿಸಿದರು. ಮೇ 7ರ ಶನಿವಾರ 379 ಮಂದಿ ಬಂದರು. ಬಜೆಟ್ ಮರಳಿ ತರಬೇಕೆಂದು 377 ಮತ, ಬೇಡವೆಂದು 2. ಕ್ರಾಯ್ಡನ್‌ನ ಮಕ್ಕಳ ಶಾಲೆಯ ಹಣ ಹೀಗೆ ಹಿಂದಕ್ಕೆ ಬಂತು, ಅದನ್ನು ತುಂಬಿಕೊಡುವ ಆಸ್ತಿ ತೆರಿಗೆಯನ್ನು ಆ 377 ಜನ ತಾವಾಗಿಯೇ ಹೊತ್ತುಕೊಂಡರು.